ನಾಲ್ಕು ತಾಲೂಕಿಗೆ ಒಂದೇ ವೆಬ್‌ಸೈಟು

ಹೊಸ ಶತಮಾನ ಬಂದು ಎರಡು ಮೂರು ವರ್ಷ ಕಳೆದಿದ್ದವು. ಇಂಡಿಯಲ್ಲಿ ಸ್ವಂತ ವೆಬ್‌ಸೈಟ್ ಇದ್ದ ಏಕೈಕ ಮನುಷ್ಯ ನಾನು. ಈ ಸಂಗತಿ ಊರಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು ಎಂಬುದು ಬೇರೆ ಮಾತು. ನಿಂಬೆಹಣ್ಣಿನ ಸವಾಲು ಕೂಗುವವರು ಎಂದಿನಂತೆ ಕೂಗುತ್ತಿದ್ದರು, ಬಸ್ ನಿಲ್ದಾಣದಲ್ಲಿ ಹಂದಿಗಳು ಎಂದಿನಂತೆ ಅಡ್ಡಾಡುತ್ತಿದ್ದವು. ಜಗತ್ತಿನ ಯಾವ ಮೂಲೆಯಿಂದಲೂ ನೋಡಲು ಲಭ್ಯನಿದ್ದ ನಾನು ಅವುಗಳ ನಡುವೆ ದಾರಿ ಮಾಡಿಕೊಂಡು ಕಾಲೇಜಿಗೆ ಹೋಗುತ್ತಿದ್ದೆ.

ಅಪ್ಪ ತಹಸೀಲ್ದಾರ್ ಕಚೇರಿಯ ಎದುರು ತಗಡಿನ ನೆರಳಿನಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಅವನ ಹತ್ತಿರ ಇದ್ದದ್ದು ಒಟ್ಟು ಎಂಟೋ ಹತ್ತೋ ಅರ್ಜಿಗಳು. ವಿಧವಾ ವೇತನಕ್ಕೊಂದು, ರೇಷನ್ ಕಾರ್ಡಿಗೊಂದು, ಪಹಣಿ ತಿದ್ದುಪಡಿಗೊಂದು, ಹೀಗೆ. ಹೆಸರು, ಊರು, ಸರ್ವೆ ನಂಬರು ಬದಲಾಗುತ್ತಿದ್ದವು, ಉಳಿದದ್ದೆಲ್ಲ ನಾನು ಹುಟ್ಟುವ ಮೊದಲಿನದೇ. 'ನಾನು ಕಡುಬಡವನಿದ್ದು' ಎಂದು ಶುರುವಾಗುವ ಸಾಲಿನ ಕೆಳಗೆ ಕರಿಭೂಮಿಯ ದೊಡ್ಡ ಹಿಡುವಳಿದಾರರೂ ನಾಚಿಕೆಯಿಲ್ಲದೆ ಸಹಿ ಹಾಕಿ ಹೋಗುತ್ತಿದ್ದರು. ಸ್ವಲ್ಪ ಬೇರೆ ಬೇರೆ ಬರೆಯಬಾರದೇ ಎಂದು ನಾನೊಮ್ಮೆ ಕೇಳಿದ್ದೆ.

"ಅರ್ಜಿ ಅಂದಮ್ಯಾಲ ಅದು ಹಂಗ ಇರಬೇಕೋ. ಹೊಸಾದು ಬರದ್ರ ಸಾಹೇಬ್ರು ಓದಬೇಕಾಗ್ತೈತಿ," ಎಂದಿದ್ದ ಅಪ್ಪ.

ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ನನ್ನ ಮುಂದಿನ ಬದುಕನ್ನು ಅಪ್ಪ ಆಗಲೇ ಸಜ್ಜು ಮಾಡಿಟ್ಟಿದ್ದ. ಎಲ್ಲಿಂದಲೋ ಇನ್ನೊಂದು ಹಳೆಯ ಟೈಪ್‌ರೈಟರ್ ತಂದು, ಎಣ್ಣೆ ಬಿಟ್ಟು, ತನ್ನ ಮೇಜಿಗೆ ಹೊಂದಿಸಿ ಇನ್ನೊಂದು ಮೇಜು ಹಾಕಿ, ಅದರ ಮೇಲಿಟ್ಟು ಬಟ್ಟೆ ಹೊದಿಸಿದ್ದ. ಪರೀಕ್ಷೆ ಮುಗಿದ ಮರುದಿನ ನಾನು ಅಲ್ಲಿ ಕೂರಬೇಕು. ಆ ಬಟ್ಟೆ ಹೊದ್ದ ಯಂತ್ರವನ್ನು ಕಂಡರೆ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು. ಮೂವತ್ತು ವರ್ಷ ಬೇರೆಯವರ ಹೆಸರು ಹಾಕಿ ಅದೇ ಸಾಲು ಬಡಿಯುವುದಕ್ಕಿಂತ ಯಾವ ಕೆಲಸವಾದರೂ ಆದೀತು ಎನಿಸಿತ್ತು.

ಅಷ್ಟರಲ್ಲಿ ಕಾಲೇಜಿನ ಫಲಕದಲ್ಲಿ ಒಂದು ಪ್ರಕಟಣೆ ಕಂಡಿತು. ವಿಜಾಪುರದ ತರಬೇತಿ ಕೇಂದ್ರವೊಂದು ವೆಬ್ ವಿನ್ಯಾಸವನ್ನು ಒಂದು ವರ್ಷ ಪುಕ್ಕಟೆ ಕಲಿಸುತ್ತದೆ, ಊಟ ವಸತಿಯೂ ಅವರದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿಗೆ ಸೇರಿ ಒಂದೇ ಒಂದು ಸೀಟು. ನಾಲ್ಕು ತಾಲೂಕಿಗೆ ಒಬ್ಬ ಬುದ್ಧಿವಂತ ಸಾಕು ಎಂದು ಯಾರೋ ಲೆಕ್ಕ ಹಾಕಿರಬೇಕು. ಅಭ್ಯರ್ಥಿ ತನ್ನ ಪರಿಚಯವನ್ನೂ ಕೆಲಸವನ್ನೂ ತೋರಿಸುವ ಸ್ವಂತ ವೆಬ್‌ಸೈಟ್ ಮಾಡಿ, ಅದರ ವಿಳಾಸವನ್ನು ಅರ್ಜಿಯಲ್ಲಿ ಬರೆಯಬೇಕು. ಆ ಸೀಟು ನನಗೇ ಎಂದು ನಾನು ಅಲ್ಲಿಯೇ, ಫಲಕದ ಎದುರು ನಿಂತೇ, ನಿರ್ಧರಿಸಿಬಿಟ್ಟೆ.

ಇಂಡಿಯಲ್ಲಿ ಆಗ ಇಂಟರ್ನೆಟ್ ಇದ್ದದ್ದು ಒಂದು ಝೆರಾಕ್ಸ್ ಅಂಗಡಿಯಲ್ಲಿ. ಮೊದಲು ಅದು ಎಸ್‌ಟಿಡಿ ಬೂತ್ ಆಗಿತ್ತು, ಆಮೇಲೆ ಝೆರಾಕ್ಸ್ ಯಂತ್ರ ಬಂತು, ಆಮೇಲೆ ಹಿಂಬದಿಗೆ ಪ್ಲೈವುಡ್ ಹೊಡೆದು ಮೂರು ಕಂಪ್ಯೂಟರ್ ಇಟ್ಟು ಹೊರಗೆ 'ಸೈಬರ್' ಎಂದು ಬರೆಸಿದರು. ಮಾಲೀಕನನ್ನು ಊರೆಲ್ಲ ಮಾಮಾ ಎನ್ನುತ್ತಿತ್ತು. ಫೋನ್ ಲೈನ್ ಒಂದೇ. ಯಾರಾದರೂ ಸೊಲ್ಲಾಪುರದ ಬೀಗರಿಗೆ ಫೋನ್ ಹಚ್ಚಿದರೆ ಒಳಗಿದ್ದವರಿಗೆಲ್ಲ ಜಗತ್ತು ಕೈಬಿಟ್ಟು ಹೋಗುತ್ತಿತ್ತು.

ಪುಕ್ಕಟೆ ಜಾಗ ಕೊಡುವ ವಿದೇಶಿ ಕಂಪನಿಗಳಿದ್ದವು. ಪುಕ್ಕಟೆ ಎಂದರೆ ಏನೆಂದು ಮೊದಲ ದಿನವೇ ಗೊತ್ತಾಯಿತು. ಪುಟದ ನೆತ್ತಿಯ ಮೇಲೆ ಅವರ ಜಾಹೀರಾತು. ನನ್ನ ಹೆಸರಿಗಿಂತ ನಾಲ್ಕು ಪಟ್ಟು ದೊಡ್ಡದಾಗಿ ಒಬ್ಬ ಬಿಳಿಯ ಹೆಂಗಸು ಹದಿನೈದು ದಿನದಲ್ಲಿ ತೂಕ ಇಳಿಸಿಕೊಂಡ ಸಂತೋಷಕ್ಕೆ ನಗುತ್ತಿದ್ದಳು. ಇನ್ನೆರಡು ರೊಟ್ಟಿ ಉಣ್ಣು ಎಂದು ಅವ್ವ ದಿನಾ ಬೆನ್ನು ಹತ್ತುತ್ತಿದ್ದ ನನ್ನ ಒಣಕಲು ಮುಖ ಅವಳ ಕೆಳಗೆ. ವಿಳಾಸವೋ, ಗೆರೆ, ಚುಕ್ಕಿ, ಅಂಕಿಗಳೆಲ್ಲ ಸೇರಿ ಒಂದು ಸಾಲಿನಲ್ಲಿ ಹಿಡಿಸುತ್ತಿರಲಿಲ್ಲ. ಅದನ್ನು ಬಾಯಿಪಾಠ ಮಾಡಿ ಗೆಳೆಯರಿಗೆ ಒಪ್ಪಿಸುತ್ತಿದ್ದೆ. ಅವರು ಪೂರ್ತಿ ಕೇಳುವ ಮೊದಲೇ ಚಹಾ ಕುಡಿಯಲು ಎದ್ದುಬಿಡುತ್ತಿದ್ದರು.

ಪುಟದ ಒಳಗೆ ಹಾಕಿದ್ದೆಲ್ಲ ನನ್ನದು. ನಿಂಬೆಯ ಪೇಟೆ, ಬಸ್ ನಿಲ್ದಾಣ, ಕಚೇರಿಯ ಅಂಗಳ, ಇವುಗಳ ಚಿತ್ರಗಳನ್ನು ಪೆನ್ನಿನಲ್ಲಿ ಬರೆದು, ವಿಜಾಪುರದ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ತಂದಿದ್ದೆ. 'ನನ್ನ ಬಗ್ಗೆ' ಎಂಬಲ್ಲಿ ಅಪ್ಪನ ಕುರಿತು ಒಂದು ಪ್ಯಾರಾ ಬರೆದಿದ್ದೆ, ಪುಟದ ಉಳಿದ ಬರಹದಂತೆ ಇಂಗ್ಲಿಷಿನಲ್ಲಿಯೇ, ಏಕೆಂದರೆ ಕನ್ನಡ ಹಾಕಿದರೆ ಪರದೆಯ ತುಂಬ ಪ್ರಶ್ನೆಯ ಚಿಹ್ನೆಗಳು ಬಂದು ಕೂರುತ್ತಿದ್ದವು. 'ನನ್ನ ತಂದೆ ಅರ್ಜಿ ಬರೆಯುತ್ತಾರೆ. ಊರಿನವರ ಕಷ್ಟವೆಲ್ಲ ಅವರ ಬೆರಳಿನಿಂದ ಹಾದು ಹೋಗುತ್ತದೆ. ತಮ್ಮ ಕಷ್ಟಕ್ಕೆ ಅವರು ಒಂದು ಅರ್ಜಿಯನ್ನೂ ಬರೆದಿಲ್ಲ.' ಇದನ್ನು ಬರೆದ ದಿನ ನಾನೇ ನಾಲ್ಕಾರು ಸಲ ಓದಿಕೊಂಡೆ. ಆ ಮಾತನ್ನು ಅಪ್ಪನಿಗೆ ಮುಖತಃ ಹೇಳುವ ಯೋಚನೆ ಮಾತ್ರ ಬರಲಿಲ್ಲ. ಜಗತ್ತಿಗೆ ಹೇಳಿದರಾಯಿತಲ್ಲ.

ಇನ್ನು ಪುಟದ ಚೌಕಟ್ಟು, ಬಣ್ಣ, ಮೆನು, ಅಕ್ಷರ ಓಡುವ ರೀತಿ, ಇವು ಎಲ್ಲಿಂದ ಬಂದವು? ಯಾವುದೋ ದೂರದ ದೇಶದ ಒಬ್ಬ ವಿದ್ಯಾರ್ಥಿನಿಯ ಪುಟದಿಂದ. ಬ್ರೌಸರಿನಲ್ಲಿ ಪುಟದ ಹಿಂದಿನ ಕೋಡ್ ತೆಗೆದು, ಇಡಿಯಾಗಿ ಫ್ಲಾಪಿಗೆ ಹಾಕಿಕೊಂಡು, ಅವಳ ಚಿತ್ರ ತೆಗೆದು ನನ್ನ ಚಿತ್ರ ಇಟ್ಟಿದ್ದೆ. ನಾನು ಅದನ್ನು ಅಭ್ಯಾಸ ಎಂದು ಕರೆಯುತ್ತಿದ್ದೆ. ಅವಳ ಪುಟದ ತಳದಲ್ಲಿ ಸಣ್ಣ ಅಕ್ಷರದ ಒಂದು ಸಾಲಿತ್ತು. ಬೇಕಾದವರು ಇದನ್ನು ಬಳಸಿಕೊಳ್ಳಿ, ನನ್ನ ಹೆಸರೊಂದನ್ನು ಉಳಿಸಿ, ಎಂದು. ಆ ಸಾಲು ನನ್ನ ಪುಟಕ್ಕೆ ಒಪ್ಪಲಿಲ್ಲ. ತೆಗೆದುಬಿಟ್ಟೆ.

ಆಮೇಲೆ ಭದ್ರತೆಯ ಕಡೆ ಗಮನ ಕೊಟ್ಟೆ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರಾದರೂ ಕದ್ದರೆ? ಇನ್ನೊಂದು ಪುಟದಿಂದ ನಾಲ್ಕು ಸಾಲಿನ ಕೋಡ್ ಎತ್ತಿ ತಂದು ಹಾಕಿದೆ. ಮೌಸಿನ ಬಲಗುಂಡಿ ಒತ್ತಿದರೆ 'ಕಾಪಿ ಮಾಡುವುದು ನಿಷಿದ್ಧ' ಎಂದು ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತಿತ್ತು. ಅದರ ಜೊತೆಗೆ ಒಂದು ಬೀಗದ ಚಿತ್ರ, ಕೆಳಗೆ 'ಈ ತಾಣ ಸುರಕ್ಷಿತ' ಎಂಬ ಬರಹ. ಬೀಗವೂ ಪುಕ್ಕಟೆ ಸಿಕ್ಕಿದ್ದೇ. ಪಾಸ್‌ವರ್ಡ್‌ನಲ್ಲಿ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಕಲೆತಿರಬೇಕು ಎಂದು ಕಾಲೇಜಿನ ಕಂಪ್ಯೂಟರ್ ಸರ್ ಹೇಳಿದ್ದರು. ಹಾಗೆಯೇ ಒಂದನ್ನು ಕಟ್ಟಿದೆ. ಎಷ್ಟು ಗಟ್ಟಿಯಾಗಿತ್ತೆಂದರೆ ಮರುದಿನ ನನಗೇ ನೆನಪಿರಲಿಲ್ಲ.

ಎರಡನೆಯ ಸಲ ಕಟ್ಟಿದಾಗ ಮರೆಯಬಾರದೆಂದು ಅದನ್ನು ಮಾಮಾನ ವಹಿಯಲ್ಲಿ ಬರೆಸಿಟ್ಟೆ. ನಗಬೇಡಿ. ನಮ್ಮ ಕಡೆ ಭದ್ರತೆ ಎಂದರೆ ಬೀಗವಲ್ಲ, ಮನುಷ್ಯ. ಊರಿಗೆ ಹೋಗುವಾಗ ಬಂಗಾರವನ್ನು ನೆರೆಮನೆಯ ಹಿರಿಯಳ ಕೈಗೆ ಕೊಟ್ಟು ಹೋಗುತ್ತಾರೆ, ಹೊಲದ ಕಾಗದಗಳನ್ನು ಅಪ್ಪನಂಥವರ ಟ್ರಂಕಿನಲ್ಲಿ ಇಡುತ್ತಾರೆ. ಊರಿನ ಎಲ್ಲರ ಇ-ಮೇಲ್, ಎಲ್ಲರ ಪಾಸ್‌ವರ್ಡ್ ಆ ವಹಿಯಲ್ಲಿದ್ದವು, ನೀಲಿ ಶಾಯಿಯಲ್ಲಿ, ಸಾಲಾಗಿ. "ನನ್ನ ಕಡೆ ಐತಂದ್ರ ಬ್ಯಾಂಕಿನ್ಯಾಗ ಐತಂತ ತಿಳಿ," ಎಂದ ಮಾಮಾ. ಕಂಪ್ಯೂಟರ್ ಸರ್‌ಗಿಂತ ನನಗೆ ಆ ಮಾತಿನ ಮೇಲೆ ಹೆಚ್ಚು ಭರವಸೆ ಬಂತು.

ಪುಟದ ಮೂಲೆಯಲ್ಲಿ ಎಷ್ಟು ಸಲ ಜನ ನೋಡಿದರು ಎಂದು ತೋರಿಸುವ ಮೀಟರ್ ಇತ್ತು. ಮೊದಲ ವಾರ ಅದು ಹದಿನೇಳು ತೋರಿಸಿತು. ಹದಿನೇಳೂ ಸಲ ನಾನೇ. ನಂತರ ಅದು ಒಮ್ಮೆಲೇ ಓಡತೊಡಗಿತು. ನೂರು ದಾಟಿತು, ಇನ್ನೂರು ದಾಟಿತು. ಜಗತ್ತು ಕೊನೆಗೂ ಇಂಡಿಯ ಕಡೆ ತಿರುಗಿತು ಎಂದುಕೊಂಡೆ. ನನ್ನ ನಡೆಯುವ ರೀತಿಯೇ ಬದಲಾಗಿರಬೇಕು. ಕಾಲಿಗೇನಾಯಿತು ಎಂದು ಅವ್ವ ಕೇಳಿದಳು.

ಇಷ್ಟು ಜನ ನೋಡಿದ್ದನ್ನು ಅಪ್ಪನೂ ನೋಡಲಿ ಎಂದು ಒಂದು ಭಾನುವಾರ ಅವನನ್ನು ಮಾಮಾನ ಅಂಗಡಿಗೆ ಕರೆದೆ. ತನ್ನ ಬಗ್ಗೆ ಮಗ ಏನೋ ಬರೆದಿದ್ದಾನೆ ಎಂದು ಅವನಿಗೆ ಅವ್ವನಿಂದ ಗೊತ್ತಾಗಿತ್ತು. ಒಗೆದ ಧೋತರ ಉಟ್ಟು, ಟೋಪಿ ಸರಿಮಾಡಿಕೊಂಡು, ಫೋಟೋ ತೆಗೆಸಲು ಹೊರಟವನಂತೆ ಬಂದ. ಮಾಮಾನ ಕುರ್ಚಿಯ ಅಂಚಿನಲ್ಲಿ ಕೂತ. ಪುಟ ಮೇಲಿನಿಂದ ಕೆಳಕ್ಕೆ ಗೇಣು ಗೇಣಾಗಿ ತೆರೆಯಿತು. ಮೊದಲು ತೂಕ ಇಳಿಸಿದ ಹೆಂಗಸು. ಅಪ್ಪ ಗೌರವದಿಂದ ನೋಡಿದ. ಆಮೇಲೆ ನನ್ನ ಫೋಟೋ ಇರಬೇಕಾದಲ್ಲಿ ದಪ್ಪ ಮೀಸೆಯ ಒಬ್ಬ ಯುವಕ.

"ಇಂವ ಯಾರೋ?" ಎಂದ ಅಪ್ಪ.

ಯುವಕನ ಹೆಸರು ಪುಟದ ಮೇಲೆಯೇ ಇತ್ತು, ಊರು ಸಿಂದಗಿ ತಾಲೂಕಿನ ಕನ್ನೊಳ್ಳಿ. ಆದರೆ ನಿಂಬೆಯ ಪೇಟೆಯ ಚಿತ್ರ ನನ್ನದು. 'ನನ್ನ ತಂದೆ ಅರ್ಜಿ ಬರೆಯುತ್ತಾರೆ' ಎಂಬ ಪ್ಯಾರಾ ನನ್ನದು. ಗಾಬರಿಯಿಂದ ಬಲಗುಂಡಿ ಒತ್ತಿದೆ. ಕಾಪಿ ಮಾಡುವುದು ನಿಷಿದ್ಧ ಎಂಬ ಪೆಟ್ಟಿಗೆ ಎದ್ದು ನಿಂತಿತು.

ಮಾಮಾ ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. ತಪ್ಪಿತಸ್ಥನ ಹಾಗಲ್ಲ, ಕೈಕೆಳಗಿನವರ ದಡ್ಡತನಕ್ಕೆ ಬೇಸತ್ತವನ ಹಾಗೆ. "ಏ, ಇವ್ರು ನಿಂದರೊಳಗ ಹಾಕ್ಯಾರ ನೋಡು! ಬ್ಯಾರೇ ವಿಳಾಸ ತಗದು ಹಾಕ್ರೋ ಅಂದಿದ್ದೆ."

ಆಗ ಎಲ್ಲ ಹೊರಬಿತ್ತು, ಮೀಟರ್ ಓಡಿದ್ದರ ಗುಟ್ಟೂ. ಆ ಪ್ರಕಟಣೆ ನಾಲ್ಕೂ ತಾಲೂಕಿನ ಕಾಲೇಜುಗಳಿಗೆ ಹೋಗಿತ್ತು. ವೆಬ್‌ಸೈಟ್ ಬೇಕೆಂದು ವಿದ್ಯಾರ್ಥಿಗಳು ಸೈಬರ್‌ಗಳಿಗೆ ಮುಗಿಬಿದ್ದಿದ್ದರು. ಮಾಮಾನ ಹತ್ತಿರ ಒಂದು ಸಿದ್ಧವಿತ್ತು, ಕೀಲಿಯೂ ವಹಿಯಲ್ಲಿತ್ತು. ಅದನ್ನು ಫ್ಲಾಪಿಗೆ ಇಳಿಸಿದ. ಫೋನ್ ಲೈನಿನಲ್ಲಿ ಕಳಿಸಿದರೆ ಅರ್ಧ ದಿನ ಹಿಡಿಯುತ್ತದೆಂದು ಸಿಂದಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟ. ಸಿಂದಗಿಯಲ್ಲಿ ಅವನ ಭಾವಮೈದುನನ ಅಂಗಡಿ. ಅಲ್ಲಿಂದ ಇನ್ನೊಬ್ಬ ಕಂಡಕ್ಟರ್ ಅದನ್ನು ತಾಳಿಕೋಟೆಯ ಮೇಲೆ ಮುದ್ದೇಬಿಹಾಳಕ್ಕೆ ಒಯ್ದ, ಮತ್ತೊಬ್ಬ ಬಸವನ ಬಾಗೇವಾಡಿಗೆ. ಊಟದ ಡಬ್ಬಿ, ಮಾತ್ರೆಯ ಚೀಟಿ, ಮದುವೆಯ ಕಾರ್ಡು ಹೋಗುವ ದಾರಿಯಲ್ಲಿಯೇ ನನ್ನ ಸುರಕ್ಷಿತ ತಾಣವೂ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿತ್ತು. ಗೊಂದಲವಾಗದಿರಲೆಂದು ಮಾಮಾ ಫ್ಲಾಪಿಯ ಮೇಲಿನ ಚೀಟಿಯಲ್ಲಿ ನನ್ನ ಹೆಸರು, ವಿಳಾಸ, ಪಾಸ್‌ವರ್ಡ್ ಮೂರನ್ನೂ ಸ್ಫುಟವಾಗಿ ಬರೆದಿದ್ದ.

"ಎಷ್ಟ ಮಂದಿಗೆ ಕೊಟ್ಟಿರಿ?" ಎಂದು ಕೇಳಿದೆ.

"ಹದಿನೆಂಟ ಮಂದಿ ಆಗಿರಬೇಕು. ಯಾಕ, ನಿಂದೇನ ಕಳಕೊಂಡಿ? ನಿಂದು ನಿನ್ನ ಕಡೇನ ಐತಲ್ಲ!"

"ಕಳವು ಮಾಡೀರಿ ನೀವು!"

"ಬಾಯಿ ಬಿಗಿ ಹಿಡದ ಮಾತಾಡು ತಮ್ಮಾ. ಝೆರಾಕ್ಸ್ ತಗದ್ರ ಕಾಗದ ಕಳವಾಗ್ತೈತೇನು?"

ಸಿಟ್ಟಿನಿಂದ ಅಪ್ಪನ ಕಡೆ ತಿರುಗಿದೆ. ಅವನ ಮುಖದಲ್ಲಿ ಬೇರೆಯದೇ ನಡೆದಿತ್ತು. ಆ ಪ್ಯಾರಾ ಏನೆಂದು ಅಪ್ಪ ಕೇಳಿರಬೇಕು, ಮಾಮಾ ಆಗಲೇ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದ್ದ, ಅಪ್ಪ ಕೇಳುತ್ತ ಕಣ್ಣು ತುಂಬಿಕೊಂಡಿದ್ದ. ಕೊನೆಗೆ ಟೋಪಿ ತೆಗೆದು ಮತ್ತೆ ಹಾಕಿಕೊಂಡು ಹೇಳಿದ: "ನಾಲ್ಕ ತಾಲೂಕಿಗೆ ಹೋತಲ್ಲೋ ನಿನ್ನ ಬರವಣಿಗಿ! ನಂದು ಇಂಡಿ ದಾಟಿಲ್ಲ."

ಅವನಿಗೆ ಅದು ಅಭಿಮಾನ. ನನಗೆ ಅವಮಾನ. ನೀನೂ ಈ ಮಾಮಾನೂ ಒಂದೇ, ಬೇರೆಯವರದ್ದನ್ನು ಹೆಸರು ಬದಲಿಸಿ ಕೊಡುವವರು ಎಂದುಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ಕೇಳಿದರು. ಅಪ್ಪ ಎದ್ದು ಮನೆಗೆ ಹೋದ. ನಾಲ್ಕು ದಿನ ನಾವು ಮಾತಾಡಲಿಲ್ಲ. ಪಾಸ್‌ವರ್ಡ್ ಬದಲಿಸಿ, ಮೀಸೆಯವನನ್ನು ಹೊರಹಾಕಿ, ನನ್ನನ್ನು ಮತ್ತೆ ಒಳಗೆ ಕೂರಿಸಿದೆ. ಆ ವಾರವೇ ಕೇಂದ್ರದವರು ಕರೆದಿದ್ದ ಸಂದರ್ಶನದಲ್ಲಿ ಸತ್ಯ ಹೇಳಿ ಹದಿನೆಂಟೂ ಕಳ್ಳರನ್ನು ಬಯಲಿಗೆಳೆಯುವ ಭಾಷಣವನ್ನು ತಾಲೀಮು ಮಾಡಿದೆ. ಸ್ನಾನದ ಮನೆಯಲ್ಲಿ ಅದು ಬಹಳ ಚೆನ್ನಾಗಿ ಬರುತ್ತಿತ್ತು.

ವಿಜಾಪುರದ ಆ ಕೇಂದ್ರದ ಪಡಸಾಲೆಯಲ್ಲಿ ನಾವೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು. ಯಾರು ಯಾರೆಂದು ಗೊತ್ತಿಲ್ಲದಿದ್ದರೂ ನನಗೆ ಎಲ್ಲರೂ ನನ್ನ ಅಂಗಿ ತೊಟ್ಟು ಕೂತಂತೆ ಕಾಣುತ್ತಿದ್ದರು. ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಇಂಡಿಯವ್ರು ನೀವ ಏನ್ರಿ? ನಾ ಬಾಗೇವಾಡಿಯಾಕಿ. ನಿಮ್ಮ ಹೆಸರು ಫ್ಲಾಪಿ ಮ್ಯಾಲ ಇತ್ರಿ. ನಿಮ್ಮನ್ನ ಕೇಳದ ತಗೊಂಡೇನಿ, ಸಿಟ್ಟಾಗಬ್ಯಾಡ್ರಿ. ಕೆಳಗ ನಿಮ್ಮ ಹೆಸರ ಹಾಕೇನಿ."

"ತಗೊಂಡಮ್ಯಾಲ ಯಾಕ ಕೇಳ್ತೀರಿ?" ಎಂದು ಮುಖ ತಿರುಗಿಸಿದೆ. ಹೆಸರು ಹಾಕಿದ್ದೇನೆ ಎಂಬ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯಲಿಲ್ಲ.

ಒಳಗೆ ಕೂತಿದ್ದ ಮೇಡಂ ಬೆಂಗಳೂರಿನ ಕಡೆಯವರು, ಮೃದುವಾಗಿ ಮಾತಾಡುತ್ತಿದ್ದರು. ನನ್ನ ಪುಟ ತೆರೆದು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಕಡೆ ಎಲ್ಲರ ತಂದೆಯವರೂ ಅರ್ಜಿ ಬರೆಯುತ್ತಾರೆಯೇ? ಈಗ ಹೋದ ಕೊಲ್ಹಾರದ ಹುಡುಗ, ಅವನ ತಂದೆ ಮೀನು ಹಿಡಿಯುತ್ತಾರಂತೆ. ಪುಟದಲ್ಲಿ ಮಾತ್ರ ಅರ್ಜಿ ಬರೆಯುತ್ತಿದ್ದಾರೆ."

ನನ್ನ ಘಳಿಗೆ ಬಂತು. ಎದ್ದು ನಿಂತು ಭಾಷಣ ಶುರು ಮಾಡಿದೆ. ಇದೆಲ್ಲ ನಾನು ಮಾಡಿದ್ದು, ಒಂದೊಂದು ಸಾಲೂ ನನ್ನದು, ಇವರೆಲ್ಲ ಕದ್ದವರು, ಬೇರೆಯವರ ಶ್ರಮಕ್ಕೆ ತಮ್ಮ ಹೆಸರು ಬರೆದುಕೊಳ್ಳುವವರಿಗೆ ಇಂಥ ಕಡೆ ಜಾಗವಿರಬಾರದು. ಮೇಡಂ ಅಡ್ಡ ಬರದೆ ಪೂರ್ತಿ ಕೇಳಿದರು. ಆಮೇಲೆ ಮೌಸಿನ ಬಲಗುಂಡಿ ಒತ್ತಿದರು. ನಿಷಿದ್ಧದ ಪೆಟ್ಟಿಗೆ ಬಂತು. ಅವರು ಸಣ್ಣಗೆ ನಕ್ಕು, ಮೇಲಿನ ಮೆನುವಿನಿಂದ ಪುಟದ ಹಿಂದಿನ ಕೋಡ್ ತೆರೆದರು. ಹಾಗೆಯೂ ತೆರೆಯಬಹುದು ಎಂಬುದನ್ನು ಭದ್ರತೆಯ ಭರದಲ್ಲಿ ಮರೆತಿದ್ದೆ.

"ಇವರು ಯಾರು?" ಎಂದರು.

ಕೋಡಿನ ಮೂರನೆಯ ಸಾಲಿನಲ್ಲಿ, ನೋಡುವವರಿಗೆ ಕಾಣದ ಜಾಗದಲ್ಲಿ, ಆ ದೂರದೇಶದ ಹುಡುಗಿಯ ಹೆಸರಿತ್ತು. ಅವಳ ಕಾಲೇಜು, ತರಗತಿ, ನಂತರ ಅದೇ ವಿನಂತಿ. ತಳದ ಸಾಲು ತೆಗೆದವನಿಗೆ ಒಳಗೆ ಇನ್ನೊಮ್ಮೆ ಬರೆದಿದ್ದಾಳೆಂದು ಗೊತ್ತಿರಲಿಲ್ಲ. ಮಾಮಾನ ದಯೆಯಿಂದ ಅವಳ ಹೆಸರು ನಾಲ್ಕೂ ತಾಲೂಕಿಗೆ ತಲುಪಿ ಆಗಿತ್ತು. ಮೇಡಂ ಅದನ್ನು ಬೆಳಿಗ್ಗೆಯಿಂದ ಒಂದೊಂದು ಪುಟದಲ್ಲೂ ನೋಡಿದ್ದರು.

"ಅಭ್ಯಾಸಕ್ಕೆ..." ಎಂದೆ.

"ಅಭ್ಯಾಸಕ್ಕೆ ತೆಗೆದುಕೊಳ್ಳಲಿ ಎಂದೇ ಇಟ್ಟಿದ್ದಾರೆ. ಹೆಸರು ಉಳಿಸಿ ಎಂದಷ್ಟೇ ಕೇಳಿದ್ದಾರೆ," ಎಂದರು. ಬೈಯಲಿಲ್ಲ. ಬೈದಿದ್ದರೆ ಸಿಟ್ಟು ಮಾಡಿಕೊಂಡು ಬಚಾವಾಗಬಹುದಿತ್ತು. ಭಾಷಣಕ್ಕೆ ಎದ್ದು ನಿಂತವನು ಕೂತುಬಿಟ್ಟೆ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಮಧ್ಯಾಹ್ನ ಹೊರಗಿನ ಗೋಡೆಗೆ ಒಂದು ಚೀಟಿ ಅಂಟಿಸಿದರು. ಸೀಟು ಬಾಗೇವಾಡಿಯ ಹುಡುಗಿಗೆ. ಅಲ್ಲಿದ್ದ ಗುಮಾಸ್ತ ಅವಳ ಪುಟವನ್ನು ನಮಗೆಲ್ಲ ತೋರಿಸಿದ. ಚೌಕಟ್ಟು ಅದೇ, ಬಣ್ಣ ಅದೇ. ಆದರೆ ತಂದೆ ಅರ್ಜಿ ಬರೆಯುತ್ತಿರಲಿಲ್ಲ, ಹಿಟ್ಟಿನ ಗಿರಣಿ ನಡೆಸುತ್ತಿದ್ದ. ನನ್ನ ಚಿತ್ರಗಳ ಜಾಗದಲ್ಲಿ ಬಾಗೇವಾಡಿಯಿಂದ ಹೊರಡುವ ಬಸ್ಸುಗಳ ವೇಳೆ. ಊರು ಒತ್ತಿದರೆ ಆ ಊರಿನ ಬಸ್ಸುಗಳಷ್ಟೇ ಕಾಣುತ್ತಿದ್ದವು. ತಳದಲ್ಲಿ ಅವಳು ಬರೆದಿದ್ದಳು: 'ಈ ವಿನ್ಯಾಸ ನನ್ನದಲ್ಲ, ಇಂಡಿಯ ಇಂಥವರದು. ಕೋಡಿನ ಒಳಗೆ ಇನ್ನೊಬ್ಬರ ಹೆಸರೂ ಇದೆ, ಅವರಿಗೂ ನಮಸ್ಕಾರ. ಬಸ್ಸಿನ ಪಟ್ಟಿ ಮಾತ್ರ ನಾನು ಮಾಡಿದ್ದು.'

ಇಡೀ ಇಂಟರ್ನೆಟ್ಟಿನಲ್ಲಿ ನನ್ನ ಹೆಸರನ್ನು ಬೇರೆಯವರು ಬರೆದಿದ್ದ ಜಾಗ ಅದೊಂದೇ. ಅವಳನ್ನು ಹುಡುಕಿದೆ, ಒಂದು ಮಾತು ಹೇಳಬೇಕೆಂದು. ಅವಳ ಬಸ್ಸು ಹೊರಟುಹೋಗಿತ್ತು. ಬಸ್ಸಿನ ವೇಳೆ ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು.

ಇಂಡಿಗೆ ಬಂದಾಗ ಕಚೇರಿ ಮುಚ್ಚುವ ಹೊತ್ತು. ಅಪ್ಪ ಕೊನೆಯ ಅರ್ಜಿ ಮುಗಿಸಿ, ಹಾಳೆ ತೆಗೆದು ಊದುತ್ತಿದ್ದ. ನಾಲ್ಕು ದಿನದ ಮೌನ ಮುರಿದು ಅವನೇ ಕೇಳಿದ.

"ಏನಾತು?"

"ಬ್ಯಾರೇದವ್ರಿಗೆ ಹೋತು."

"ಯಾರಿಗೆ?"

"ನಂದು ತಗೊಂಡು, ಕೆಳಗ ನನ್ನ ಹೆಸರ ಬರದಾಕಿಗೆ."

ಅಪ್ಪ ಹಾಳೆಯನ್ನು ಮೇಜಿನ ಮೇಲಿಟ್ಟ. ಅವನ ಧ್ವನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ, ಅರ್ಜಿದಾರರನ್ನು ಕೇಳುವಂತೆಯೇ ಕೇಳಿದ.

"ಮತ್ತ ನೀ ಯಾರ ಹೆಸರ ಬರದಿದ್ದಿ?"

"ನಂದ," ಎಂದೆ.

ಅಪ್ಪ ತನ್ನ ಟೈಪ್‌ರೈಟರಿಗೆ ಬಟ್ಟೆ ಹೊದಿಸಿದ.